ಮೀನೂಟದ ಹೋಟೆಲಿಗೆ ರಾತ್ರಿ ಪಾಳಿ

ಮಂಗಳೂರಿನಲ್ಲಿ ಮೀನೂಟದ ಹೋಟೆಲ್ ಎಂದರೆ ಮೊದಲೆಲ್ಲ ಮಧ್ಯಾಹ್ನದ ವ್ಯಾಪಾರ. ಹನ್ನೆರಡಕ್ಕೆ ಶುರು, ಮೂರೂವರೆಗೆ ಬಾಗಿಲು. ಬಂದರಿನ ಕೆಲಸದವರು, ಬ್ಯಾಂಕಿನವರು, ಕೋರ್ಟಿಗೆ ಬಂದವರು, ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಹಳ್ಳಿಯವರು, ಹೀಗೆ ಮನೆಗೆ ಹೋಗಿ ಉಣ್ಣಲಾಗದವರೇ ಗಿರಾಕಿಗಳು. ರಾತ್ರಿ ಎಲ್ಲರೂ ಮನೆಯಲ್ಲೇ ಉಣ್ಣುತ್ತಿದ್ದರು. ಮಕ್ಕಳನ್ನು ಕರೆದುಕೊಂಡು ಹೊರಗೆ ಹೋದರೆ ಅದು ಐಸ್‌ಕ್ರೀಮಿಗೆ. 1975ರಲ್ಲಿ ಶುರುವಾದ ಐಡಿಯಲ್‌ನಲ್ಲಿ ಒಂದು ಗಡ್‌ಬಡ್ ತಿಂದರೆ ಆ ವಾರದ ಸಂಭ್ರಮ ಮುಗಿಯಿತು.

ಈಗ ನನ್ನ ಹೋಟೆಲಿನಲ್ಲಿ ಮಧ್ಯಾಹ್ನಕ್ಕಿಂತ ರಾತ್ರಿ ವ್ಯಾಪಾರ ಜಾಸ್ತಿ. ಬರುವವರು ಹೆಚ್ಚಾಗಿ ಮನೆಮಂದಿ. ಅಜ್ಜ, ಅಜ್ಜಿ, ಮಗ, ಸೊಸೆ, ಮೊಮ್ಮಕ್ಕಳು. ಮನೆ ಹತ್ತಿರದಲ್ಲೇ ಇರುತ್ತದೆ, ಕದ್ರಿ, ಬಿಜೈ, ಊರ್ವ. ಅಡುಗೆ ಮಾಡಲು ಬಾರದವರಲ್ಲ. ಹಾಗಾದರೆ ಯಾಕೆ ಬರುತ್ತಾರೆ? ಒಬ್ಬ ತಾಯಿ ನನಗೆ ಹೇಳಿದರು, "ಫ್ಲ್ಯಾಟಿನಲ್ಲಿ ಬೂತಾಯಿ ಹುರಿದರೆ ಎರಡು ದಿನ ಪರದೆಯಲ್ಲೆಲ್ಲ ವಾಸನೆ ಇರ್ತದೆ ಅಣ್ಣ. ಮೀನು ಕ್ಲೀನ್ ಮಾಡಿದ ನೀರು ಚೆಲ್ಲಲಿಕ್ಕೆ ಹಿತ್ತಲು ಎಲ್ಲಿ ಉಂಟು?" ನನಗೆ ದಾರಿ ತೋರಿಸಿದ ಮಾತು ಅದು. ಜನ ಹೊಸ ರುಚಿಗೆ ಮಾತ್ರ ಹೊರಗೆ ಬರುವುದಿಲ್ಲ. ಮನೆಯಲ್ಲಿ ಮಾಡಲಾಗದ ಹಳೇ ಅಡುಗೆಗೂ ಬರುತ್ತಾರೆ.

ನಾನು ಮುಂಬೈಯ ಫೋರ್ಟಿನಲ್ಲಿ, ನಮ್ಮೂರಿನವರದ್ದೇ ಒಂದು ಲಂಚ್ ಹೋಮಿನಲ್ಲಿ ಕೆಲಸ ಕಲಿತವನು. ಊರಿಗೆ ಬಂದು ಹೋಟೆಲ್ ಹಾಕಿದ ಮೇಲೆ ಇಲ್ಲಿಯ ಗಾಳಿ ಬದಲಾಗುವುದನ್ನು ಹತ್ತಿರದಿಂದ ನೋಡಿದೆ. ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳ ಸುತ್ತ ಮಂದಿ ಎಂಬ ಅರಬ್ಬೀ ಮಾಂಸದನ್ನ, ಕೆಂಡದಲ್ಲಿ ಸುಟ್ಟ ಕೋಳಿಯ ಅಲ್‌ಫಹಾಂ, ಶವರ್ಮಾ ಬಂದವು. ಕೇರಳದ ವಿದ್ಯಾರ್ಥಿಗಳು ಮತ್ತು ಗಲ್ಫ್‌ನಿಂದ ಮರಳಿದವರು ಅದಕ್ಕೆ ಮೊದಲ ಗಿರಾಕಿಗಳು. ಆಮೇಲೆ ಅದು ನೇತ್ರಾವತಿ ದಾಟಿ ಪೇಟೆಗೂ ಬಂತು. ಕಾಫಿ ಕೆಫೆಗಳು ಬಂದವು. ನನಗೂ ಸ್ನೇಹಿತರು, "ಮಂದಿ ಇಡಿ, ರಾತ್ರಿ ಓಡ್ತದೆ" ಎಂದರು. ನಾನು ಇಡಲಿಲ್ಲ. ಮಂದಿಗೆ ಬೇರೆಯೇ ಒಲೆ ಬೇಕು, ಬೇರೆ ಕೈ ಬೇಕು. ಒಂದು ಸಲ ಬೇಯಿಸಿದ ದೊಡ್ಡ ಪಾತ್ರೆಯ ಅನ್ನ ಆ ರಾತ್ರಿಯೇ ಖಾಲಿಯಾಗಬೇಕು. ಅದನ್ನು ಚೆನ್ನಾಗಿ ಮಾಡುವವರು ಊರಲ್ಲಿ ಇದ್ದಾರೆ. ನನ್ನ ಕೈಗೆ ಗೊತ್ತಿರುವುದು ಹುಳಿ, ಮೆಣಸಿನ ಪುಳಿಮುಂಚಿ ಮತ್ತು ಕಾಯಿ ಅರೆದು ಮಾಡುವ ಗಸಿ.

ರಾತ್ರಿ ತೆರೆಯಬೇಕೆಂದರೆ ಮೊದಲು ಬಗೆಹರಿಯಬೇಕಾದದ್ದು ತೆಂಗಿನಕಾಯಿ. ನಮ್ಮ ಮೀನು ಗಸಿಯ ಮಸಾಲೆಗೆ ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಸ್ವಲ್ಪ ಮೆಂತೆ, ಓಮ, ಹುಣಸೆಹುಳಿ, ಮೇಲೆ ಹಸಿ ಕಾಯಿ. ಬೆಳಿಗ್ಗೆ ಅರೆದ ಕಾಯಿ ಮಸಾಲೆ ಈ ಸೆಕೆಗೆ ಸಂಜೆ ಹೊತ್ತಿಗೆ ಹುಳಿಯುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಹಾಳಾಗದು, ಆದರೆ ಆ ಪರಿಮಳ ಇರುವುದಿಲ್ಲ. ಊರಿನ ಎಲ್ಲ ಹೋಟೆಲುಗಳಲ್ಲೂ ಘೀ ರೋಸ್ಟ್ ಹಬ್ಬಿದ್ದಕ್ಕೆ ಇದೂ ಒಂದು ಕಾರಣ ಎಂದು ನನ್ನ ಅನಿಸಿಕೆ. ಕುಂದಾಪುರದ ಆ ಮಸಾಲೆಗೆ ಕಾಯಿ ಬೇಡ. ಮೆಣಸು, ಬೆಳ್ಳುಳ್ಳಿ, ಹುಳಿ ಅರೆದು ಇಟ್ಟರೆ ದಿನಗಟ್ಟಲೆ ಬರುತ್ತದೆ. ಗಿರಾಕಿ ಬಂದಾಗ ತುಪ್ಪದಲ್ಲಿ ಹುರಿದರೆ ಆಯಿತು. ಕೋಳಿಗೂ ಸೈ, ಸಿಗಡಿಗೂ ಸೈ, ಪನೀರು, ಅಣಬೆಗೂ ಸೈ. ಅಡುಗೆಮನೆಗೆ ಸುಲಭವಾದದ್ದು ಬೇಗ ಹಬ್ಬುತ್ತದೆ, ಅಲ್ವಾ?

ನಾನು ಸಂಜೆ ನಾಲ್ಕಕ್ಕೆ ಎರಡನೇ ಸಲ ಕಾಯಿ ಅರೆಯುವ ವ್ಯವಸ್ಥೆ ಮಾಡಿದೆ. ಅದಕ್ಕೆಂದೇ ಒಬ್ಬರನ್ನು ಇಟ್ಟುಕೊಂಡೆ. ಎಸಿ ಹಾಕಿಸುವ ಮೊದಲು, ಬೋರ್ಡು ಬದಲಿಸುವ ಮೊದಲು ಮಾಡಿದ ಖರ್ಚು ಅದು. ಮಧ್ಯಾಹ್ನದ ಗಸಿ ರಾತ್ರಿಗೆ ಹೋಗುವುದಿಲ್ಲ ಎಂಬ ನಿಯಮ ಇವತ್ತಿಗೂ ಹಾಗೇ ಇದೆ. ಉಳಿದರೆ ಅದು ನಮ್ಮ ಹುಡುಗರ ಊಟಕ್ಕೆ.

ಆಮೇಲೆ ಮೆನು. ಮುದ್ರಿಸಿದ ದೊಡ್ಡ ಕಾರ್ಡು ತೆಗೆದೇಬಿಟ್ಟೆ. ನಮ್ಮಲ್ಲಿ ಬಾಗಿಲಿಗೆ ಬಂದವರ ಮೊದಲ ಪ್ರಶ್ನೆಯೇ "ಇನಿ ಮೀನ್ ದಾದ ಉಂಡು?" ಎಂದು, ಅಂದರೆ ಇವತ್ತು ಯಾವ ಮೀನು ಉಂಟು ಎಂದು. ಬೆಳಿಗ್ಗೆ ಮೀನಿನ ದೋಣಿ ಬಂದು ನಿಲ್ಲುವ ದಕ್ಕೆಯಲ್ಲಿ ಏನು ಸಿಕ್ಕಿತೋ ಅದೇ ಉತ್ತರ. ಕಪ್ಪು ಹಲಗೆಯಲ್ಲಿ ಸೀಮೆಸುಣ್ಣದಲ್ಲಿ ಬರೆಯುತ್ತೇವೆ: ಬಂಗುಡೆ, ಕಾಣೆ, ನಂಗ್, ಕೊಡ್ಡಾಯಿ, ಇದ್ದರೆ ಮರುವಾಯಿ. ಮುಗಿದದ್ದನ್ನು ಒರೆಸುತ್ತೇವೆ. ಅಂಜಲ್, ಮಾಂಜಿಯಂಥ ದುಬಾರಿ ಮೀನನ್ನು ತಟ್ಟೆಯಲ್ಲಿಟ್ಟು ಮೇಜಿಗೆ ತಂದು ತೋರಿಸಿ, ರೇಟು ಹೇಳಿ, ಹೂಂ ಎಂದ ಮೇಲೆಯೇ ಕಾವಲಿಗೆ ಹಾಕುವುದು. 'ಸೈಜ್ ನೋಡಿ ರೇಟು' ಎಂದು ಬರೆದು ಕೊನೆಗೆ ಬಿಲ್ಲಿನಲ್ಲಿ ಗಾಬರಿ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಮನೆಮಂದಿಯೊಂದಿಗೆ ಬಂದವರಿಗೆ ಅದರಿಂದ ಮುಜುಗರ ಆಗುತ್ತದೆ. ಅವರು ಮತ್ತೆ ಬರುವುದಿಲ್ಲ.

ರಾತ್ರಿಗೆ ಊಟದ ತಟ್ಟೆ ಇಲ್ಲ. ಹಿರಿಯರಿಗೆ ಕುಚ್ಚಲಕ್ಕಿ ಅನ್ನ ಇದೆ. ಉಳಿದವರಿಗೆ ನೀರ್ದೋಸೆ, ಅಕ್ಕಿ ಕಡುಬಿನಂಥ ಪುಂಡಿ, ಕೋಳಿ ಗಸಿ ಸುರಿದು ತಿನ್ನುವ ಕೋರಿ ರೊಟ್ಟಿ. ಗಸಿಯನ್ನು ಚಿಕ್ಕ ಬಟ್ಟಲಿನಲ್ಲೂ ಕೊಡುತ್ತೇವೆ. ಇಬ್ಬರೇ ಬಂದರೂ ಎರಡು ಬಗೆ ರುಚಿ ನೋಡಬಹುದು. ಈ ಚಿಕ್ಕ ಬಟ್ಟಲು ಬಂದ ಮೇಲೆ ಕಾಲೇಜು ಮಕ್ಕಳೂ ಬರತೊಡಗಿದರು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. 61 ದಿನ. ಆಗ ನಾಡದೋಣಿಯ ಮೀನು ಸ್ವಲ್ಪ ಸಿಗುತ್ತದೆ. ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೆ ಮುಗಿಯುವುದರಿಂದ ಆಮೇಲೆ ಅಲ್ಲಿಂದ ಮಂಜುಗಡ್ಡೆಯಲ್ಲಿ ಲಾರಿಗಟ್ಟಲೆ ಬರುತ್ತದೆ. ನಾನು ಅದನ್ನು ತೀರಾ ಕಡಿಮೆ ತರುತ್ತೇನೆ. ತಂದ ದಿನ ಹಲಗೆಯಲ್ಲಿ 'ಹೊರಗಿನ ಮೀನು' ಎಂದೇ ಬರೆಯುತ್ತೇನೆ. ಆ ಎರಡು ತಿಂಗಳು ಅಡುಗೆಯನ್ನೇ ಬದಲಿಸುತ್ತೇನೆ. ಸೌತೆಕಾಯಿಗೆ ಒಣಮೀನು ಹಾಕಿದ ಗಸಿ, ಒಣ ಸಿಗಡಿ ಚಟ್ನಿ, ಕೆಸುವಿನ ಎಲೆಯ ಪತ್ರೊಡೆ, ಕಣಿಲೆ ಅಂದರೆ ಎಳೆ ಬಿದಿರು, ಹಲಸಿನ ಬೀಜದ ಪಲ್ಯ. ತುಳುವರ ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮ ಅಜ್ಜಿಯಂದಿರು ಬೇರೆ ಗತಿಯಿಲ್ಲದೆ ಮಾಡಿದ ಅಡುಗೆ ಅದು. ಇವತ್ತು ಅದನ್ನೇ ಹುಡುಕಿಕೊಂಡು ಬೆಂಗಳೂರಿನಿಂದ ಬಂದ ಮಕ್ಕಳು, ಸೊಸೆಯಂದಿರು ಕೇಳಿ ತಿನ್ನುತ್ತಾರೆ. ಮಳೆಗಾಲ ಹೋಟೆಲಿಗೆ ಬರಗಾಲ ಎನ್ನುತ್ತಿದ್ದ ಮಾತು ನನ್ನ ಮಟ್ಟಿಗೆ ಹೋಯಿತು.

ಆ್ಯಪ್ ಮೂಲಕ ಪಾರ್ಸೆಲ್ ಕೊಡುವುದನ್ನೂ ಶುರು ಮಾಡಿದೆ. ಎಲ್ಲವನ್ನೂ ಅಲ್ಲ. ಹುರಿದ ಮೀನು ಡಬ್ಬಿಯೊಳಗೆ ಬೆವರಿ ಮೆತ್ತಗಾಗುತ್ತದೆ, ಆದ್ದರಿಂದ ಕೊಡುವುದಿಲ್ಲ. ಕೋರಿ ರೊಟ್ಟಿ ಪಾರ್ಸೆಲಿಗೆ ಹೇಳಿ ಮಾಡಿಸಿದ ಊಟ. ಗರಿಗರಿ ರೊಟ್ಟಿ ಬೇರೆ, ಬಿಸಿ ಗಸಿ ಬೇರೆ. ಮನೆಯಲ್ಲಿ ಮುರಿದು ಸುರಿದುಕೊಂಡರೆ ಇಲ್ಲಿ ಕುಳಿತು ತಿಂದ ಹಾಗೇ ಇರುತ್ತದೆ. ನೀರ್ದೋಸೆಯನ್ನು ಆರಲು ಬಿಟ್ಟು, ನಡುವೆ ಬಾಳೆಲೆ ಚೂರು ಇಟ್ಟು ಮಡಚಬೇಕು, ಇಲ್ಲದಿದ್ದರೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ಆ್ಯಪ್‌ನವರ ಕಮಿಷನ್ ಕಳೆದರೆ ಉಳಿಯುವುದು ಕಡಿಮೆ. ಹಾಗಾಗಿ ಅದನ್ನು ಮಳೆ ಜೋರಿರುವ ದಿನಗಳ ಆಸರೆಯಾಗಿ ಇಟ್ಟುಕೊಂಡಿದ್ದೇನೆ. ಅದನ್ನೇ ನಂಬಿ ಅಡುಗೆಮನೆ ದೊಡ್ಡದು ಮಾಡಿಲ್ಲ.

ಇನ್ನೂ ಪೂರ್ತಿ ಬಗೆಹರಿಯದ್ದು ಜನದ ಪ್ರಶ್ನೆ. ಬಡಿಸುವ ಹುಡುಗರು ಒಡಿಶಾ, ನೇಪಾಳದ ಕಡೆಯವರು. ತುಂಬ ಚುರುಕು, ಕುಚ್ಚಲಕ್ಕಿ ಯಾವುದು, ಬಿಳಿ ಅನ್ನದ ಬೆಳ್ತಿಗೆ ಯಾವುದು ಎಂದೆಲ್ಲ ಕಲಿತಿದ್ದಾರೆ. ಆದರೆ ನೀರ್ದೋಸೆ ಹೊಯ್ಯುವ ಕೈ ನಮ್ಮೂರಿನ ಅಕ್ಕಂದಿರದ್ದೇ. ಹಿಟ್ಟು ಎಷ್ಟು ತೆಳು ಬೇಕು, ಕಾವಲಿ ಎಷ್ಟು ಕಾಯಬೇಕು ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅವರಿಗೆ ಮನೆಗೆ ಹೋಗುವ ಕೊನೆಯ ಸಿಟಿ ಬಸ್ಸು ಸಿಗಬೇಕು. ಅದಕ್ಕೇ ಒಂಬತ್ತರ ಮೇಲೆ ನಮ್ಮಲ್ಲಿ ನೀರ್ದೋಸೆ ಇಲ್ಲ. ಆಮೇಲೆ ಬಂದವರಿಗೆ ಪುಂಡಿ ಇದೆ, ರೊಟ್ಟಿ ಇದೆ, ಅನ್ನ ಇದೆ. ಗಿರಾಕಿಗಳು ಮೊದಮೊದಲು ಬೇಸರ ಮಾಡಿಕೊಂಡರು. ಈಗ ನೀರ್ದೋಸೆ ಬೇಕಾದವರು ಎಂಟಕ್ಕೇ ಬಂದು ಕೂರುತ್ತಾರೆ.