ಪಾರಿಜಾತಕ್ಕೆ ಕತ್ತರಿ ಹಾಕಲು ಹಿಂಜರಿಯಬೇಡಿ

ಪಾರಿಜಾತ ಬೆಳೆಸಿದವರಲ್ಲಿ ಅನೇಕರ ದೂರು ಒಂದೇ: ಗಿಡ ಆಳೆತ್ತರ ದಾಟಿದೆ, ಎಲೆ ದಟ್ಟವಾಗಿದೆ, ಹೂವು ಮಾತ್ರ ತುದಿಯಲ್ಲೆಲ್ಲೋ ನಾಲ್ಕು. ಗೊಬ್ಬರ ಸಾಲದೆಂದು ಅವರು ಇನ್ನಷ್ಟು ಸುರಿಯುತ್ತಾರೆ. ನಾನಾದರೆ ಮೊದಲು ಕತ್ತರಿ ಹುಡುಕುತ್ತೇನೆ.

ಪಾರಿಜಾತದ ಹೂಗೊಂಚಲು ಮೂಡುವುದು ಆಯಾ ವರ್ಷದ ಎಳೆಯ ರೆಂಬೆಗಳಲ್ಲಿ. ಹಳೆಯ ಕಾಂಡ ದಪ್ಪವಾಗುತ್ತಾ ಹೋಗುತ್ತದೆಯೇ ಹೊರತು ಹೂ ಕೊಡುವುದಿಲ್ಲ. ಹಾಗಾಗಿ ಹೂವಿನ ಕಾಲ ಮುಗಿದು, ಬಿಲ್ಲೆಯಂಥ ಕಾಯಿಗಳು ಒಣಗಿ ಕಂದುಬಣ್ಣಕ್ಕೆ ತಿರುಗಿದ ಮೇಲೆ ನಾನು ಪ್ರತಿ ರೆಂಬೆಯನ್ನೂ ಸುಮಾರು ಮೂರನೇ ಒಂದರಷ್ಟು ಸವರುತ್ತೇನೆ. ಇದರ ಎಲೆಗಳು ಎದುರುಬದುರಾಗಿ ಜೋಡಿಯಲ್ಲಿ ಬರುತ್ತವೆ. ಆ ಜೋಡಿಯ ತುಸು ಮೇಲೆ ಕತ್ತರಿಸಿದರೆ ಎರಡು ಕಡೆಯ ಕಣ್ಣುಗಳೂ ಒಡೆದು, ಒಂದು ರೆಂಬೆ ಇದ್ದಲ್ಲಿ ಎರಡಾಗುತ್ತವೆ. ಒಳಮುಖವಾಗಿ ಬೆಳೆದವನ್ನು, ಒಂದಕ್ಕೊಂದು ಉಜ್ಜುವವನ್ನು ಬುಡದಲ್ಲೇ ತೆಗೆಯುತ್ತೇನೆ. ಮಳೆ ಹಿಡಿದ ಮೇಲೆ ಕತ್ತರಿ ಮುಟ್ಟುವುದಿಲ್ಲ. ಆಗ ಕತ್ತರಿಸಿದರೆ ಹೋಗುವುದು ಮೊಗ್ಗೇ.

ಅರ್ಧ ದಿನವಾದರೂ ನೇರ ಬಿಸಿಲು ಬೀಳುವ ಜಾಗವೇ ಇದಕ್ಕೆ ಆಗಬೇಕು. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಆದ್ದರಿಂದ ಮಣ್ಣನ್ನು ದಿಬ್ಬದಂತೆ ಏರಿಸಿ ನೆಟ್ಟಿದ್ದೇನೆ. ಮುಂಗಾರಿಗೆ ಮುಂಚೆ ಹಳೆಯ ಕೊಟ್ಟಿಗೆ ಗೊಬ್ಬರ ಕೊಟ್ಟು, ಮೇಲೆ ತರಗೆಲೆ ಹೊದಿಸುತ್ತೇನೆ. ಯೂರಿಯಾ ಹಾಕುವುದಿಲ್ಲ, ಅದರಿಂದ ಎಲೆ ಸೊಕ್ಕುತ್ತದೆ, ಹೂವು ಹಿಂದೆ ಬೀಳುತ್ತದೆ.

ಒಣ ತಿಂಗಳುಗಳಲ್ಲಿ ಎಲೆ ಹಳದಿಯಾಗಿ ಉದುರಿ ಗಿಡ ಬೋಳಾಗುವುದುಂಟು. ಸತ್ತಿತೆಂದು ಕಿತ್ತೆಸೆದವರನ್ನು ಕಂಡು ಹೊಟ್ಟೆ ಉರಿದಿದೆ. ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಗಿಡಕ್ಕೆ ಜೀವವಿದೆ. ವಾರಕ್ಕೊಮ್ಮೆ ಚೆನ್ನಾಗಿ ನೀರುಣಿಸಿ ಸುಮ್ಮನಿರಿ, ಚಿಗುರು ತಾನಾಗಿ ಬರುತ್ತದೆ. ಆ ಎಳೆಯ ಎಲೆಗೆ ಕಂಬಳಿಹುಳು ಬಿದ್ದರೆ, ಎಲೆಯ ಅಡಿಯಲ್ಲಿ ಗುಂಪಾಗಿರುವಾಗಲೇ ಎಲೆಸಮೇತ ಕಿತ್ತು ಸೋಪಿನ ನೀರಿಗೆ ಹಾಕುತ್ತೇನೆ. ಬರಿಗೈಯಲ್ಲಿ ಮುಟ್ಟಬೇಡಿ, ಅದರ ರೋಮ ತಾಗಿದರೆ ಚರ್ಮ ದದ್ದೇಳುತ್ತದೆ.

ಬೀಜದಿಂದಲೂ ಪಾರಿಜಾತ ಬರುತ್ತದೆ, ಆದರೆ ಹೂ ಕಾಣಲು ಕೆಲವು ವರ್ಷ ಕಾಯಬೇಕು.

ಮುಸ್ಸಂಜೆಗೆ ಬಿರಿದ ಹೂವು ಬೆಳಕು ಹರಿಯುವಷ್ಟರಲ್ಲಿ ಉದುರುತ್ತದೆ. ರಾತ್ರಿಯೇ ಗಿಡದ ಕೆಳಗೆ ಬಿಳಿ ಬಟ್ಟೆ ಹಾಸಿಟ್ಟರೆ ಮಣ್ಣು ಅಂಟದ ಹೂವು ಸಿಗುತ್ತದೆ. ಪೂಜೆಗೆ ಮಿಕ್ಕಿದ್ದರಲ್ಲಿ ಕೇಸರಿ ತೊಟ್ಟುಗಳನ್ನು ಬಿಡಿಸಿ ನೆರಳಿನಲ್ಲಿ ಒಣಗಿಸಿಡುತ್ತೇನೆ. ನೀರಿನಲ್ಲಿ ಕುದಿಸಿ ಸೋಸಿದರೆ ರೇಷ್ಮೆಗೆ ಚೆಂದದ ಹೊಂಬಣ್ಣ ಹಿಡಿಯುತ್ತದೆ. ಬಿಸಿಲಿಗೆ ಅದು ಬೇಗ ಮಾಸುವುದರಿಂದ ಬಣ್ಣ ಹಾಕಿದ ಬಟ್ಟೆಯನ್ನೂ ನೆರಳಿನಲ್ಲೇ ಹರವಬೇಕು.