300 ರೂಪಾಯಿಯ ವೀಕೆಂಡ್: ಮೈಸೂರಲ್ಲಿ ಮೊದಲು ಮಧ್ಯಾಹ್ನದ ದಾರಿ ನೋಡಿಕೊಳ್ಳಿ

ತಿಂಗಳ ಇಪ್ಪತ್ತು ದಾಟಿದ ಮೇಲೆ ಹಾಸ್ಟೆಲ್, ಪಿಜಿಯವರ ಜೇಬು ಹೇಗಿರುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಶನಿವಾರ ಬಂದರೆ ಎರಡೇ ದಾರಿ. ರೂಮಲ್ಲಿ ಮಲಗಿ ಮೊಬೈಲ್ ಉಜ್ಜುವುದು, ಇಲ್ಲ ಸಾಲ ಮಾಡಿ ಮಾಲ್‌ಗೆ ಹೋಗುವುದು. ಇವೆರಡೂ ಬೇಡ ಅನ್ನುವವರಿಗೆ ಈ ಲೇಖನ.

ಮೊದಲು ಒಂದು ಮಾತು. ಮೈಸೂರಲ್ಲಿ ಬೆಳಗ್ಗೆ ದುಡ್ಡು ಖರ್ಚಾಗುವುದಿಲ್ಲ. ಬೆಟ್ಟ ಇದೆ, ಕೆರೆ ಇದೆ, ನೆರಳಿನ ರಸ್ತೆಗಳಿವೆ. ಸಂಜೆಯೂ ಅಷ್ಟಾಗಿ ಆಗುವುದಿಲ್ಲ. ಸೋರುವುದೆಲ್ಲ ಹನ್ನೊಂದರಿಂದ ನಾಲ್ಕರ ಒಳಗೆ. ಬಿಸಿಲು ಏರುತ್ತದೆ, ಹೊಟ್ಟೆ ಹಸಿಯುತ್ತದೆ, ಎಲ್ಲಿ ಕೂರುವುದು ಅಂತ ಗೊತ್ತಾಗುವುದಿಲ್ಲ, ಯಾರೋ ಒಬ್ಬರು 'ಏಸಿಲಿ ಕೂತ್ಕೊಳ್ಳೋಣ ಬಾರೋ' ಅನ್ನುತ್ತಾರೆ, ಅಲ್ಲಿಗೆ ಮುನ್ನೂರು ಮುಗಿಯಿತು. ಅದಕ್ಕೇ ಎಲ್ಲಿಗೆ ಹೋಗೋಣ ಅನ್ನುವುದು ಆಮೇಲೆ. ಮಧ್ಯಾಹ್ನ ಎಲ್ಲಿರುತ್ತೇವೆ, ಏನು ತಿನ್ನುತ್ತೇವೆ ಅನ್ನುವುದು ಮೊದಲು.

ಶುಕ್ರವಾರ ರಾತ್ರಿ: ದುಡ್ಡು ಕೈಗೆ ತೆಗೆದುಕೊಳ್ಳಿ

ಎಟಿಎಮ್‌ನಿಂದ 300 ತೆಗೆದು ಚಿಲ್ಲರೆ ಮಾಡಿಸಿ. ಫೋನ್‌ಪೇ, ಗೂಗಲ್‌ಪೇ ಎರಡು ದಿನ ಮುಟ್ಟಬೇಡಿ. ಸ್ಕ್ಯಾನ್ ಮಾಡಿದರೆ ಇಪ್ಪತ್ತು ಹೋಗಿದ್ದು ಗೊತ್ತೇ ಆಗುವುದಿಲ್ಲ. ಕೈಯಿಂದ ನೋಟು ಕೊಡುವಾಗ ಮಾತ್ರ ಕರುಳು ಚುರುಕ್ ಅನ್ನುತ್ತದೆ. ಬಸ್ಸಿನಲ್ಲಿ ಕಂಡಕ್ಟರ್ ಹತ್ತಿರ ಚಿಲ್ಲರೆಗೆ ಜಗಳ ಆಡುವುದೂ ತಪ್ಪುತ್ತದೆ.

ನನ್ನ ಹಂಚಿಕೆ ಹೀಗಿದೆ: ಶನಿವಾರಕ್ಕೆ 130, ಭಾನುವಾರಕ್ಕೆ 110, ಉಳಿದ 60 ಮುಟ್ಟದೆ ಇಡುವುದಕ್ಕೆ. ಆ 60 ಬೇರೆ ಜೇಬಿನಲ್ಲಿರಲಿ. ಮಳೆ ಬಂದು ಆಟೋ ಹತ್ತಬೇಕಾದರೆ, ಚಪ್ಪಲಿ ಕಿತ್ತರೆ ಬೇಕಾಗುತ್ತದೆ. ನಾಲ್ಕು ಜನ ಹೋಗುವುದಾದರೆ ಎಲ್ಲರ ದುಡ್ಡನ್ನೂ ಒಬ್ಬರ ಹತ್ತಿರ ಇಡಿ. ಆ ಒಬ್ಬರು ನಿಮ್ಮ ಗುಂಪಿನಲ್ಲೇ ಜಿಪುಣ ಅನ್ನಿಸಿಕೊಂಡವರಾಗಿರಲಿ, ಅವರ ಗುಣ ಉಪಯೋಗಕ್ಕೆ ಬರುವುದು ಇಂಥ ಹೊತ್ತಿನಲ್ಲೇ.

ಹೆಣ್ಣುಮಕ್ಕಳಿಗೆ ಇನ್ನೂ ಅನುಕೂಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ ಅಲ್ವಾ, ಸಿಟಿ ಬಸ್ಸಾಗಲಿ ಊರಿಂದೂರಿಗೆ ಹೋಗುವ ಸಾಮಾನ್ಯ ಸಾರಿಗೆಯಾಗಲಿ, ಟಿಕೆಟ್‌ಗೆ ದುಡ್ಡಿಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಕೇಳಿ ಪಡೆಯಿರಿ, ಸುಮ್ನೆ ಕೂತುಬಿಡಬೇಡಿ. ರಾಜಹಂಸ, ಐರಾವತ, ಏಸಿ ಬಸ್ಸಿಗೆ ಇದು ನಡೆಯುವುದಿಲ್ಲ.

ಮಲಗುವ ಮುಂಚೆ ಎರಡು ಬಾಟಲಿ ನೀರು ತುಂಬಿಡಿ. ಹೊರಗೆ ನೀರು ಕೊಂಡರೆ ಎರಡು ದಿನದಲ್ಲಿ ಒಂದು ಹೊತ್ತಿನ ತಿಂಡಿ ದುಡ್ಡು ಹೋಗುತ್ತದೆ.

ಶನಿವಾರ: ಹತ್ತು ರೂಪಾಯಿ ರೈಲು

ಮೈಸೂರಿಂದ ಶ್ರೀರಂಗಪಟ್ಟಣಕ್ಕೆ ಪ್ಯಾಸೆಂಜರ್ ರೈಲಿನಲ್ಲಿ ಟಿಕೆಟ್ ಹತ್ತು ರೂಪಾಯಿ. ಹೋಗಿ ಬಂದರೆ ಇಪ್ಪತ್ತು. ಆದರೆ ಕೌಂಟರಿನಲ್ಲಿ 'ಶ್ರೀರಂಗಪಟ್ಟಣ, ಪ್ಯಾಸೆಂಜರ್' ಅಂತ ಬಿಡಿಸಿ ಹೇಳಿ. ಆ ಟಿಕೆಟ್ ಹಿಡಿದು ಎದುರಿಗೆ ಬಂದ ಎಕ್ಸ್‌ಪ್ರೆಸ್ ಹತ್ತಿದರೆ ದಂಡ ಕಟ್ಟಬೇಕು, ಕಡಿಮೆ ಅಂದರೂ 250. ಇಡೀ ವೀಕೆಂಡ್ ಅಲ್ಲಿಗೇ ಮುಗಿಯಿತು. ವಾಪಸ್ ಬರುವ ಪ್ಯಾಸೆಂಜರ್ ಎಷ್ಟು ಹೊತ್ತಿಗೆ ಅಂತಲೂ ಇಳಿದ ತಕ್ಷಣ ಸ್ಟೇಷನ್ನಿನಲ್ಲೇ ನೋಡಿಕೊಳ್ಳಿ, ಅದು ತಪ್ಪಿದರೆ ಬಸ್ಸು ಇದ್ದೇ ಇದೆ.

ರೈಲು ಹತ್ತುವ ಮುಂಚೆ ತಿಂಡಿ. ಇಂದಿರಾ ಕ್ಯಾಂಟೀನ್ ಹತ್ತಿರ ಇದ್ದರೆ ಬೆಳಗಿನ ತಿಂಡಿ 5 ರೂಪಾಯಿ, ಊಟ 10. ಹಾಸ್ಟೆಲ್ ಮೆಸ್ಸಿನ ಉಪ್ಪಿಟ್ಟು ನೋಡಿದವರು ಇಲ್ಲಿ ದೂರು ಹೇಳಬಾರದು. ತಡವಾಗಿ ಹೋದರೆ ಖಾಲಿ ಆಗಿರುತ್ತದೆ, ಅದೊಂದು ನೆನಪಿರಲಿ. ಸಿಗದಿದ್ದರೆ ಯಾವುದಾದರೂ ಸಣ್ಣ ದರ್ಶಿನಿಯಲ್ಲಿ ಇಡ್ಲಿ ತಿಂದು ಬೈಟು ಕಾಫಿ ಕುಡಿಯಿರಿ. ಮಸಾಲೆ ದೋಸೆ ಇವತ್ತು ಬೇಡ. ಫೇಮಸ್ ಹೋಟೆಲ್ ಮುಂದೆ ಕ್ಯೂ ನಿಂತು ದೋಸೆ ತಿನ್ನುವುದು ಮನೆಯವರು ಬಂದಾಗ ಅವರ ಖರ್ಚಿನಲ್ಲಿ ಮಾಡುವ ಕೆಲಸ.

ಶ್ರೀರಂಗಪಟ್ಟಣದಲ್ಲಿ ಎಲ್ಲರೂ ಮಾಡುವ ತಪ್ಪು ಅಂದರೆ ಇಳಿದ ತಕ್ಷಣ ಆಟೋದವರ ಪ್ಯಾಕೇಜಿಗೆ ತಲೆ ಆಡಿಸುವುದು. ಸ್ಟೇಷನ್ ಇರುವುದೇ ಕೋಟೆಯ ಒಳಗೆ. ಅರ್ಧ ಊರು ಕಾಲ್ನಡಿಗೆಯಲ್ಲೇ ಸಿಗುತ್ತದೆ. ರೈಲು ಹಳಿ ಹತ್ತಿರ ಇಟ್ಟಿಗೆಯ ಒಂದು ಗಟ್ಟಿ ಕಟ್ಟಡ ಇದೆ, ಟಿಪ್ಪುವಿನ ಮದ್ದಿನ ಮನೆ. ಜೋಡಿ ಹಳಿ ಹಾಕಲು ಅಡ್ಡ ಬಂತು ಅಂತ 2017ರಲ್ಲಿ ಇಡೀ ಕಟ್ಟಡವನ್ನೇ ಬುಡಸಮೇತ ಎತ್ತಿ ಪಕ್ಕಕ್ಕೆ ಸರಿಸಿದರು. ಒಡೆಯಲಿಲ್ಲ, ಬಿಚ್ಚಲೂ ಇಲ್ಲ, ಹಾಗೇ ಜರುಗಿಸಿದರು. ಸಿವಿಲ್ ಓದುವವರು ಇದೊಂದನ್ನೇ ನೋಡಲು ಬಂದರೂ ನಷ್ಟವಿಲ್ಲ. ಟಿಕೆಟ್ಟೂ ಇಲ್ಲ.

ಅಲ್ಲಿಂದ ರಂಗನಾಥಸ್ವಾಮಿ ದೇವಸ್ಥಾನ. ಒಳಗೆ ಎಷ್ಟೇ ಬಿಸಿಲಿದ್ದರೂ ಕಲ್ಲು ತಣ್ಣಗಿರುತ್ತದೆ. ಆಮೇಲೆ 1799ರ ಮೇ 4ರಂದು ಟಿಪ್ಪು ಬಿದ್ದ ಜಾಗ, ಬೈಲಿ ಸೆರೆಮನೆ. ಸೆರೆಮನೆಯ ಕಮಾನುಗಳ ಕೆಳಗೆ ನಿಂತರೆ ಹೊರಗಿನ ಗಲಾಟೆ ಕೇಳುವುದಿಲ್ಲ, ಗೋಡೆಯಿಂದ ಚಾಚಿಕೊಂಡ ಕಲ್ಲುಗಳಲ್ಲಿ ತೂತುಗಳಿವೆ, ಕೈದಿಗಳನ್ನು ಸರಪಳಿ ಹಾಕಿ ಕಟ್ಟುತ್ತಿದ್ದುದು ಅಲ್ಲಿಗೇ ಅಂತ ಹೇಳುತ್ತಾರೆ. ಹಾಗೇ ನಡೆದು ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಕಟ್ಟಿದ ವೆಲ್ಲೆಸ್ಲಿ ಸೇತುವೆ ನೋಡಿ. ಉದ್ದಕ್ಕೂ ಬರೀ ಕಲ್ಲಿನ ಕಂಬಗಳು.

ಈಗ ಮಧ್ಯಾಹ್ನದ ವಿಷಯ. ರೂಮಿಂದ ಡಬ್ಬಿ ತಂದಿದ್ದರೆ ಚಿತ್ರಾನ್ನವೋ ಮೊಸರನ್ನವೋ ಹೊಳೆ ಹತ್ತಿರದ ಮರದ ಕೆಳಗೆ ಕೂತು ತಿನ್ನಿ. ಮೆಸ್ಸಿನಲ್ಲಿ ಡಬ್ಬಿಗೆ ಹಾಕಿಸಿಕೊಳ್ಳಲು ಬಿಡದಿದ್ದರೆ ಇಲ್ಲೇ ಸಣ್ಣ ಹೋಟೆಲಲ್ಲಿ ಅನ್ನ ಸಾಂಬಾರ್ ಸಿಗುತ್ತದೆ, ಅದಕ್ಕೆ ಅಂತ 50 ಎತ್ತಿಟ್ಟುಕೊಂಡಿರಿ. ಊಟ ಆದಮೇಲೆ ಕಬ್ಬಿನ ಹಾಲು. ಇದು ಮಂಡ್ಯ ಜಿಲ್ಲೆ ಸ್ವಾಮಿ, ಇಲ್ಲಿ ಬಂದು ಬಾಟಲಿ ಕೂಲ್‌ಡ್ರಿಂಕ್ ಕುಡಿಯಬಾರದು. ಶುಂಠಿ, ನಿಂಬೆಹಣ್ಣು ಹಾಕಿಸಿ, ಐಸ್ ಬೇಡ ಅನ್ನಿ. ಲೋಟದಲ್ಲಿ ಹಾಲೂ ಜಾಸ್ತಿ ಬರುತ್ತದೆ, ಗಂಟಲೂ ಉಳಿಯುತ್ತದೆ.

ಟಿಪ್ಪುವಿನ ಸಮಾಧಿ ಇರುವ ಗುಂಬಜ್, ಹೊಳೆ ಕೂಡುವ ಸಂಗಮ, ಎರಡೂ ದ್ವೀಪದ ಆ ತುದಿಗಿವೆ. ನಡೆಯುವ ಶಕ್ತಿ ಇದ್ದರೆ ನಡೆಯಿರಿ, ಇಲ್ಲದಿದ್ದರೆ ನಾಲ್ಕು ಜನ ಸೇರಿ ಆಟೋ, ಚೌಕಾಸಿ ಮಾಡಿಯೇ. ಸಂಗಮದಲ್ಲಿ ಕಾಲು ನೆನೆಸಿ, ಅಷ್ಟಕ್ಕೇ ಬಿಡಿ. ಮೇಲೆ ಶಾಂತವಾಗಿ ಕಂಡರೂ ಕಾವೇರಿಯಲ್ಲಿ ಸುಳಿ ಇರುತ್ತದೆ. ಕೆಆರ್‌ಎಸ್‌ನಿಂದ ನೀರು ಬಿಟ್ಟಿರುವ ದಿನಗಳಲ್ಲಂತೂ ದಡದ ಹತ್ತಿರವೂ ಬೇಡ. ಈಜು ಬರುತ್ತದೆ ಅನ್ನುವವರಿಗೇ ಈ ಮಾತು.

ಶ್ರೀರಂಗಪಟ್ಟಣ ನೋಡಿ ಸಾಕಾಗಿದೆ ಅನ್ನುವವರು ಚಾಮರಾಜನಗರದ ಕಡೆ ಪ್ಯಾಸೆಂಜರ್ ಹತ್ತಿ ನಂಜನಗೂಡಿಗೆ ಹೋಗಬಹುದು. ಅಲ್ಲಿಗೂ ಹತ್ತೇ ರೂಪಾಯಿ. ಶ್ರೀಕಂಠೇಶ್ವರನ ದೇವಸ್ಥಾನದಲ್ಲಿ ದಾಸೋಹ ಇದೆ, ಮಧ್ಯಾಹ್ನದ ಚಿಂತೆ ಅಲ್ಲಿಗೆ ತೀರಿತು. ಸಾಲಿನಲ್ಲಿ ಕೂತು, ಬೇಕಾದಷ್ಟೇ ಹಾಕಿಸಿಕೊಂಡು, ಎಲೆಯಲ್ಲಿ ಬಿಡದೆ ಉಣ್ಣಿ. ಹುಂಡಿಗೆ ಕೈಲಾದದ್ದು ಹಾಕಿ, ಐದೇ ಆಗಲಿ.

ಭಾನುವಾರ ಬೆಳಗ್ಗೆ: ಬೆಟ್ಟ, ಮೆಟ್ಟಿಲಿನ ದಾರಿಯಲ್ಲಿ

ಬಸ್ಸಿನಲ್ಲಿ ಮೇಲೆ ಹೋಗಿ ಬಸ್ಸಿನಲ್ಲಿ ಇಳಿದು ಬಂದರೆ ಚಾಮುಂಡಿ ಬೆಟ್ಟ ಅರ್ಧ ನೋಡಿದ ಹಾಗೆ. ಬೆಳಕು ಹರಿಯುತ್ತಿದ್ದ ಹಾಗೇ ಪಾದದಿಂದ ಹತ್ತಿ. ಸಾವಿರ ಮೆಟ್ಟಿಲು. ಹರಕೆ ಹೊತ್ತವರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿಕೊಂಡು ಬಗ್ಗಿಕೊಂಡೇ ಹತ್ತುತ್ತಿರುತ್ತಾರೆ. ಬೊಟ್ಟು ಇಟ್ಟು, ಹೂವು ಇಟ್ಟು, ಮುಂದಿನ ಮೆಟ್ಟಿಲು. ಅವರನ್ನು ದಾಟುವಾಗ ಹಚ್ಚಿದ ಜಾಗ ತುಳಿಯದೆ ಅಂಚಿನಲ್ಲಿ ಹೋಗಿ. ಆರಂಭದಲ್ಲಿ ಓಡುವವರೆಲ್ಲ ಮುನ್ನೂರರ ಹತ್ತಿರ ಕಲ್ಲಿನ ಮೇಲೆ ಕೂತಿರುತ್ತಾರೆ, ನಿಧಾನಕ್ಕೆ ಹತ್ತುವ ಅಜ್ಜಿಯಂದಿರು ಅವರನ್ನು ಹಿಂದೆ ಹಾಕಿ ಹೋಗಿರುತ್ತಾರೆ.

ಏಳುನೂರನೇ ಮೆಟ್ಟಿಲಿನ ಸುಮಾರಿಗೆ ನಂದಿ. ದೊಡ್ಡ ದೇವರಾಜ ಒಡೆಯರ ಕಾಲದ್ದು, ಒಂದೇ ಬಂಡೆಯಲ್ಲಿ ಕೆತ್ತಿದ್ದು. ಎಲ್ಲರೂ ಮುಂದೆ ನಿಂತು ಫೋಟೋ ತೆಗೆದುಕೊಂಡು ಹೋಗುತ್ತಾರೆ. ನೀವು ಒಂದು ಸುತ್ತು ಹಾಕಿ, ಕೊರಳಿನ ಗಂಟೆ ಸರಗಳ ಕೆತ್ತನೆ ಹತ್ತಿರದಿಂದ ನೋಡಿ. ತಿಂಡಿ ಪೊಟ್ಟಣ ಕೈಯಲ್ಲಿ ಹಿಡಿದು ಓಡಾಡಬೇಡಿ, ಕೋತಿಗಳಿಗೆ ನಿಮ್ಮ ಬಜೆಟ್ ಗೊತ್ತಿಲ್ಲ.

ಮೇಲೆ ಮಧ್ಯಾಹ್ನದ ದಾಸೋಹವೂ ಇದೆ. ಅದಕ್ಕೇ ಹೋಗುವುದಾದರೆ ಹತ್ತರ ಸುಮಾರಿಗೆ ಹತ್ತಲು ಶುರು ಮಾಡಬೇಕು. ಡಿಸೆಂಬರ್, ಜನವರಿಯಲ್ಲಿ ಸರಿ, ಏಪ್ರಿಲ್‌ನಲ್ಲಿ ಆ ಸಾಹಸ ಬೇಡ. ಆಷಾಢದಲ್ಲಿ ಜನಜಂಗುಳಿ, ಆ ತಿಂಗಳು ಬೆಟ್ಟವನ್ನೇ ಬಿಟ್ಟುಬಿಡಿ. ಇಳಿಯುವಾಗ ಮಂಡಿ ನೋಯುತ್ತಿದ್ದರೆ 201 ನಂಬರ್ ಬಸ್ಸು ಸಿಟಿ ಬಸ್ ಸ್ಟ್ಯಾಂಡಿಗೆ ಬರುತ್ತದೆ.

ಬೆಟ್ಟ ಬೇಡ ಅನ್ನುವವರಿಗೆ ಕುಕ್ಕರಹಳ್ಳಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರ್ 1864ರಲ್ಲಿ ಕಟ್ಟಿಸಿದ್ದು. ಏರಿ ಮೇಲೆ ಒಂದು ಸುತ್ತು ನಡೆದರೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ರೆಕ್ಕೆ ಬಿಚ್ಚಿಕೊಂಡು ಬಿಸಿಲಿಗೆ ಒಣಗಿಸುವ ನೀರುಕಾಗೆ ಎಲ್ಲ ಕಾಣುತ್ತವೆ. ಮೃಗಾಲಯದ ಟಿಕೆಟ್ ದುಡ್ಡು ಇಲ್ಲೇ ಉಳಿಯಿತು.

ಭಾನುವಾರ ಮಧ್ಯಾಹ್ನ

ಇದೇ ಅಪಾಯದ ಹೊತ್ತು. ನನ್ನ ಮಟ್ಟಿಗೆ ಇದಕ್ಕೆ ಒಳ್ಳೆಯ ಜಾಗ ಸರ್ಕಾರಿ ಗ್ರಂಥಾಲಯ. ಅದಕ್ಕೆ ವಾರದ ರಜೆ ಸೋಮವಾರ, ಭಾನುವಾರ ತೆರೆದಿರುತ್ತದೆ. ಫ್ಯಾನ್ ಕೆಳಗೆ ಕೂತು ವಾರದ ಪುರವಣಿ, ಸುಧಾ, ತರಂಗ, ಮಯೂರ ಎಲ್ಲ ತಿರುವಿ ಹಾಕಬಹುದು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಜಾಗ ಹಿಡಿದಿರುತ್ತಾರೆ, ಅವರ ಪಕ್ಕ ಕೂತು ಪಿಸುಗುಡಬೇಡಿ, ಅವರ ಕಷ್ಟ ಅವರಿಗೆ.

ಆಮೇಲೆ ನಾಲ್ಕರ ಸುಮಾರಿಗೆ ದೇವರಾಜ ಮಾರ್ಕೆಟ್. ಮೇಲೆ ಹೊದಿಕೆ ಇರುವ ಓಣಿಗಳು, ಬಿಸಿಲು ತಾಗುವುದಿಲ್ಲ. ಕುಂಕುಮದ ಅಂಗಡಿಯಲ್ಲಿ ತಟ್ಟೆ ತುಂಬ ಕೆಂಪು, ಹಳದಿ, ನೀಲಿ ಗೋಪುರ ಕಟ್ಟಿಟ್ಟಿರುತ್ತಾರೆ. ಮಾರು ಲೆಕ್ಕದಲ್ಲಿ ಮಲ್ಲಿಗೆ ಅಳೆಯುವವರ ಕೈ ನೋಡುತ್ತಾ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ನೋಡುವುದಷ್ಟೇ ಅಲ್ಲ, ಇಲ್ಲಿ ರಾತ್ರಿಯ ಸಾಮಾನು ಕೊಳ್ಳಬೇಕು. ಹೆಚ್ಚಿನ ಹಾಸ್ಟೆಲ್‌ಗಳಲ್ಲಿ ಭಾನುವಾರ ರಾತ್ರಿ ಮೆಸ್ ರಜೆ ಅಲ್ವಾ? ಒಂದು ಸೇರು ಕಡ್ಲೆಪುರಿ, ಎರಡು ಈರುಳ್ಳಿ, ಎರಡು ಟೊಮ್ಯಾಟೊ, ಒಂದು ಕ್ಯಾರೆಟ್, ನಿಂಬೆಹಣ್ಣು, ಒಂದು ಹಿಡಿ ಕಡ್ಲೆಬೀಜ, ಕೊತ್ತಂಬರಿ ಸೊಪ್ಪು.

ಸಂಜೆ: ಒಂದು ಆಯ್ಕೆ ಮಾಡಿಕೊಳ್ಳಿ

ಭಾನುವಾರ ಮತ್ತು ಸರ್ಕಾರಿ ರಜೆ ದಿನ ಸಂಜೆ 7ಕ್ಕೆ ಅರಮನೆಗೆ ದೀಪ ಹಾಕುತ್ತಾರೆ, ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು. ಅದನ್ನು ನೋಡಲು ಆವರಣದೊಳಗೆ ಬಿಡುತ್ತಾರೆ, ಟಿಕೆಟ್ ಇಲ್ಲ. ಬೇರೆ ದಿನ ನಡೆಯುವ ಧ್ವನಿ ಬೆಳಕು ಕಾರ್ಯಕ್ರಮಕ್ಕೆ ದುಡ್ಡು ಕೊಡಬೇಕು, ಅದಕ್ಕೇ ಭಾನುವಾರ. ಆರೂವರೆಗೇ ಒಳಗಿರಿ, ದೀಪ ಹತ್ತುವ ಆ ಒಂದು ಕ್ಷಣಕ್ಕೇ ಹೋಗುವುದು. ಫೋನ್ ಎತ್ತಿ ಹಿಡಿದವರ ಹಿಂದೆ ಸಿಕ್ಕಿಹಾಕಿಕೊಳ್ಳದೆ ಸ್ವಲ್ಪ ದೂರ ಹುಲ್ಲಿನ ಕಡೆ ನಿಂತರೆ ಇಡೀ ಅರಮನೆ ಕಾಣುತ್ತದೆ.

ಅರಮನೆ ನೋಡಿ ಹಳೆಯದಾಗಿದ್ದರೆ ರಂಗಾಯಣ. ಬಿ.ವಿ. ಕಾರಂತರು ಮೊದಲ ನಿರ್ದೇಶಕರಾಗಿ 1989ರಲ್ಲಿ ಶುರುವಾದದ್ದು. ಕಲಾಮಂದಿರದ ಆವರಣದಲ್ಲೇ ಅವರ ಭೂಮಿಗೀತ ರಂಗಮಂದಿರ ಇದೆ, ಭಾನುವಾರ ಸಂಜೆ ನಾಟಕ ಇದೆಯಾ ಅಂತ ಹಿಂದಿನ ದಿನವೇ ವಿಚಾರಿಸಿ. ಮಲ್ಟಿಪ್ಲೆಕ್ಸ್‌ನಲ್ಲಿ ಪಾಪ್‌ಕಾರ್ನಿಗೆ ಕೊಡುವ ದುಡ್ಡಲ್ಲಿ ಇಲ್ಲಿ ಟಿಕೆಟ್ ಆಗುತ್ತದೆ, ಆದರೆ ಆ ವಾರ ಶನಿವಾರದ ರೈಲು, ಕಬ್ಬಿನ ಹಾಲು ಬಿಡಬೇಕು. ಗಣೇಶನ ಹಬ್ಬದ ಹೊತ್ತಿಗಾದರೆ ಒಂಟಿಕೊಪ್ಪಲಿನ ಎಂಟನೇ ಕ್ರಾಸ್ ಪೆಂಡಾಲಿನಲ್ಲಿ ದೊಡ್ಡ ದೊಡ್ಡ ವಿದ್ವಾಂಸರ ಕಛೇರಿ, ಪುಕ್ಕಟೆ.

ರಾತ್ರಿ: ರೂಮ್ ಚುರುಮುರಿ

ಅರಮನೆ ಮುಂದೆ ಚುರುಮುರಿ ಗಾಡಿ ಕರೆಯುತ್ತದೆ. ಒಬ್ಬರೇ ಇದ್ದರೆ ತಿನ್ನಿ. ನಾಲ್ಕು ಜನ ಇದ್ದರೆ ಆ ದುಡ್ಡಲ್ಲಿ ರೂಮಲ್ಲಿ ಹೊಟ್ಟೆ ತುಂಬ ಆಗುತ್ತದೆ, ಒಲೆಯೂ ಬೇಡ, ವಾರ್ಡನ್ ಕಣ್ಣಿಗೆ ಬೀಳುವ ಇಂಡಕ್ಷನ್ನೂ ಬೇಡ. ಈರುಳ್ಳಿ, ಟೊಮ್ಯಾಟೊ ಸಣ್ಣಗೆ ಹೆಚ್ಚಿ, ಕ್ಯಾರೆಟ್ ತುರಿಯಿರಿ. ಇವಕ್ಕೆ ಉಪ್ಪು, ಅಚ್ಚಖಾರದ ಪುಡಿ, ಎರಡು ಚಮಚ ಕೊಬ್ಬರಿ ಎಣ್ಣೆ (ಅಡುಗೆಯದ್ದು, ತಲೆಗೆ ಹಚ್ಚುವ ಪರಿಮಳದ್ದಲ್ಲ) ಹಾಕಿ ಮೊದಲು ಕೈಯಲ್ಲಿ ಚೆನ್ನಾಗಿ ಕಲಸಿ. ಎಲ್ಲರೂ ಕೂತ ಮೇಲೆಯೇ ಪುರಿ ಸುರಿಯಬೇಕು, ಮೊದಲೇ ಹಾಕಿದರೆ ಮೆತ್ತಗಾಗಿ ಕೆಟ್ಟುಹೋಗುತ್ತದೆ. ಕಡ್ಲೆಬೀಜ, ಕೊತ್ತಂಬರಿ, ಕೊನೆಗೆ ನಿಂಬೆ ಹಿಂಡಿ ಎರಡೇ ಸಲ ಮೇಲೆ ಕೆಳಗೆ ಮಾಡಿ ಹಂಚಿ. ಪುರಿ ಮಿಕ್ಕಿದರೆ ಗಾಳಿ ಆಡದ ಡಬ್ಬಿಗೆ ಹಾಕಿಡಿ, ಬುಧವಾರದ ತನಕ ಸಂಜೆ ತಿಂಡಿಗೆ ಆಗುತ್ತದೆ.

ಇನ್ನು ಮುನ್ನೂರೂ ಇಲ್ಲ, ನೂರೇ ಇದೆ ಅನ್ನುವವರು ಶನಿವಾರ ಕುಕ್ಕರಹಳ್ಳಿ ಕೆರೆಗೆ ನಡೆದು, ಇಂದಿರಾ ಕ್ಯಾಂಟೀನಿನಲ್ಲಿ ತಿಂಡಿ ಊಟ ಮುಗಿಸಿ, ಭಾನುವಾರದ ಪ್ಲಾನ್ ಹಾಗೇ ಇಟ್ಟುಕೊಳ್ಳಿ. ಬೆಟ್ಟದಿಂದ ಬಸ್ಸು ಹತ್ತದೆ ನಡೆದೇ ಇಳಿದರೆ ಚುರುಮುರಿ ಸಾಮಾನಿಗೆ ದುಡ್ಡು ಉಳಿಯುತ್ತದೆ.