ಕುಂಬಳಕಾಯಿಯ ಮೈಮೇಲೆ ಬೆಳಕಿನ ಚಿತ್ರ

ಅಕ್ಟೋಬರ್ 31ರ ದೆವ್ವ-ಭೂತಗಳ ಹಬ್ಬ ಹ್ಯಾಲೋವೀನ್‌ಗೆ ಅಮೆರಿಕದ ಮನೆ ಮೆಟ್ಟಿಲ ಮೇಲೆ ಒಳಗೆ ದೀಪವಿಟ್ಟ, ಹಲ್ಲು ಕಿರಿಯುವ ಕುಂಬಳಕಾಯಿ ಮಾಡಲು ಒಂದು ಚಾಕು ಸಾಕು. ಗೂಬೆಯ ಗರಿಯನ್ನೋ ಮನುಷ್ಯನ ಮುಖವನ್ನೋ ಮೂಡಿಸುವುದು ಬೇರೆಯೇ ಕೆಲಸ. ಅಲ್ಲಿ ಕತ್ತರಿಸುವುದು ಕಡಿಮೆ, ಕೆರೆಯುವುದು ಹೆಚ್ಚು. ಸಿಪ್ಪೆ ಉಳಿದಲ್ಲಿ ಕತ್ತಲು, ಸಿಪ್ಪೆ ಹೋದಲ್ಲಿ ಮಂದ ಕಿತ್ತಳೆ, ಇನ್ನಷ್ಟು ಕೆರೆದರೆ ಹಳದಿ, ತೂತಾದರೆ ನೇರ ಬೆಳಕು.

ಹೌಡನ್‌ನಂಥ ಕೆತ್ತನೆಯ ತಳಿ ಆರಿಸಿ. ತೊಟ್ಟು ಗಟ್ಟಿಯಾಗಿರಲಿ, ಒಂದು ಮಗ್ಗುಲಾದರೂ ನುಣುಪಾಗಿರಲಿ. ಬುಡ ಒತ್ತಿದಾಗ ಮೆತ್ತಗಿದ್ದರೆ ಅಲ್ಲೇ ಬಿಟ್ಟುಬನ್ನಿ. ತೊಟ್ಟು ಹಿಡಿದು ಎತ್ತಬೇಡಿ, ಮುರಿಯುತ್ತದೆ.

ಒಳಗನ್ನು ಖಾಲಿ ಮಾಡಲು ಬಾಯಿ ತೆರೆಯುವುದು ತಲೆಯಲ್ಲಲ್ಲ, ಬುಡದಲ್ಲಿ. ದೀಪದ ಮೇಲೆ ಕಾಯಿಯನ್ನು ಕವುಚಿಟ್ಟರಾಯಿತು. ಬೀಜ, ನಾರು ತೆಗೆದ ಮೇಲೆ ಚಿತ್ರ ಬರುವ ಕಡೆ ಒಳಗಿನಿಂದ ಗಟ್ಟಿ ಚಮಚದಲ್ಲಿ ಕೆರೆದು, ಗೋಡೆಯನ್ನು ಸುಮಾರು 2 ಸೆಂ.ಮೀ. ದಪ್ಪಕ್ಕೆ ತನ್ನಿ. ಹೆಚ್ಚಿನವರು ಎಡವುವುದು ಇಲ್ಲೇ. ದಪ್ಪ ಉಳಿದರೆ ಹೊರಗೆ ಎಷ್ಟು ಕೆರೆದರೂ ಬೆಳಕು ಹಾಯದು. ತೀರಾ ತೆಳುವಾದರೆ ಮರುದಿನವೇ ಮುಖ ಜೋತುಬೀಳುತ್ತದೆ. ಅನುಮಾನವಿದ್ದರೆ ಸೂಜಿ ಚುಚ್ಚಿ ಅಳೆಯಿರಿ.

ಚಿತ್ರದ ಎರಡು ಪ್ರತಿ ಬೇಕು: ಒಂದು ಅಂಟಿಸಲು, ಇನ್ನೊಂದು ನೋಡಿಕೊಳ್ಳಲು. ಕಾಗದ ಚಪ್ಪಟೆ, ಕಾಯಿ ಉರುಟು. ಹಾಗಾಗಿ ಅಂಚುಗಳನ್ನು ಅಲ್ಲಲ್ಲಿ ಸೀಳಿ ಟೇಪ್ ಹಾಕಿ. ಗೆರೆಗುಂಟ 3 ಮಿ.ಮೀ.ಗೊಂದು ಚುಕ್ಕೆ ಚುಚ್ಚಿ, ಕಾಗದ ತೆಗೆದು ಮೈದಾ ಸವರಿದರೆ ಚುಕ್ಕೆಗಳು ಬೆಳ್ಳಗೆ ಎದ್ದು ಕಾಣುತ್ತವೆ.

ಮೊದಲು ನಡುವಿನ ಸಣ್ಣ ಕೆಲಸ, ಆಮೇಲೆ ಅಂಚಿನದು. ದೊಡ್ಡ ತೂತುಗಳು ಕಟ್ಟಕಡೆಗೆ. ಅವನ್ನು ಮೊದಲೇ ಕತ್ತರಿಸಿದರೆ ಸಣ್ಣ ಕೆಲಸಕ್ಕೆ ಆನಿಕೆಯೇ ಇರುವುದಿಲ್ಲ. ಸಿಪ್ಪೆ ತೆಗೆಯಲು ಲಿನೋ (ಲಿನೋಲಿಯಂ ಹಾಳೆ) ಅಚ್ಚು ಕೆತ್ತುವ ಉಳಿ, ಅಗಲ ಜಾಗಕ್ಕೆ ಜೇಡಿಮಣ್ಣು ಕೆರೆಯುವ ತಂತಿ ಬಳೆಯ ಉಪಕರಣ, ತೂತಿಗೆ ಸಣ್ಣ ಗರಗಸ. ಹಸಿ ತಿರುಳು ಜಾರುತ್ತದೆ. ಉಳಿಯ ದಾರಿಗೆ ಇನ್ನೊಂದು ಕೈ ಅಡ್ಡ ಬರಬಾರದು. ಆಗಾಗ ಕೋಣೆ ಕತ್ತಲು ಮಾಡಿ, ಒಳಗೆ ದೀಪವಿಟ್ಟು ನೋಡಿ. ಹಗಲಲ್ಲಿ ಚಿತ್ರ ಗೊಂದಲವಾಗಿಯೇ ಕಾಣುತ್ತದೆ, ಹೆದರಬೇಡಿ. ತುಂಡು ಮುರಿದರೆ ಹಲ್ಲುಕಡ್ಡಿ ಚುಚ್ಚಿ ಕೂಡಿಸಿ.

ಕೆತ್ತಿದ ಕಾಯಿ ಹೆಚ್ಚೆಂದರೆ ಕೆಲವೇ ದಿನ ಬಾಳುತ್ತದೆ. 29ರ ಮೊದಲು ಉಳಿ ಹಿಡಿಯದಿರುವುದೇ ಒಳ್ಳೆಯದು. 4 ಲೀಟರ್ ತಣ್ಣೀರಿಗೆ ಒಂದು ಚಹಾ ಚಮಚ ಬ್ಲೀಚ್ ಬೆರೆಸಿ ಅದ್ದಿ ಒರೆಸಿದರೆ ಬೂಷ್ಟು ತಡವಾಗಿ ಬರುತ್ತದೆ. ಕೆತ್ತಿದ ಜಾಗಕ್ಕೆ ಪೆಟ್ರೋಲಿಯಂ ಜೆಲ್ಲಿ ಸವರಿದರೆ ತೇವ ಆರದೆ ಅಂಚು ಮುದುರುವುದಿಲ್ಲ. ಜೆಲ್ಲಿಗೆ ಬೆಂಕಿ ಹತ್ತುತ್ತದೆ, ಮೇಣದ ಬತ್ತಿಯ ಕಾವಿಗೆ ತಿರುಳೂ ಬೇಯುತ್ತದೆ. ಎಲ್‌ಇಡಿ ದೀಪವೇ ಇರಲಿ. ರಾತ್ರಿ ಹಿಮ ಬೀಳುವಂತಿದ್ದರೆ ಒಳಗಿಡಿ, ಹೆಪ್ಪುಗಟ್ಟಿ ಕರಗಿದ ಕಾಯಿ ಮುದ್ದೆಯಾಗುತ್ತದೆ.

ಕೆರೆದ ತಿರುಳನ್ನು ಕಂಡು ಹುಳಿಯ ನೆನಪಾದೀತು. ಈ ತಳಿ ನೀರುನೀರು, ನಾರುನಾರು, ರುಚಿಯೂ ಅಷ್ಟಕ್ಕಷ್ಟೆ. ಬೀಜ ಮಾತ್ರ ಬಿಸಾಡಬೇಡಿ: ತೊಳೆದು ಒಣಗಿಸಿ, ಉಪ್ಪು ಹಾಕಿ ಹುರಿಯಿರಿ.